ಮಕ್ಕಳ ಪಾಲು ಇಳಿದಿದೆಯೆಂದು ಶಾಲೆಗೆ ಬೀಗ ಹಾಕುವ ಮುನ್ನ: ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಮತ್ತು ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಉತ್ತರ ಕನ್ನಡ, ಕಾರವಾರ.

ವಿಷಯ: ಜನಸಂಖ್ಯೆಯಲ್ಲಿ ಮಕ್ಕಳ ಪಾಲು, ಅದನ್ನು ಓದುವ ಬಗೆ, ಮತ್ತು ಅದರ ಆಧಾರದ ಮೇಲೆ ಶಾಲೆ–ಅಂಗನವಾಡಿಗಳ ತೀರ್ಮಾನ.

ಮಾನ್ಯರೇ,

'ಮಕ್ಕಳೇ ಇಲ್ಲ ಮಾರಾಯ್ರೇ, ಶಾಲೆ ಇಟ್ಕೊಂಡು ಏನ್ಮಾಡೋದು?' ಶಿರಸಿ, ಸಿದ್ದಾಪುರ, ಜೊಯಿಡಾ ಕಡೆ ಗ್ರಾಮಸಭೆಗಳಲ್ಲಿ ಈ ಮಾತು ಈಗ ಯಾರಿಗೂ ಹೊಸದಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಈ ಮಾತಿಗೆ ಬೆಂಬಲವಾಗಿ ಕಡತದಲ್ಲಿ ಬಂದು ಕೂರುವುದು ಸಾಮಾನ್ಯವಾಗಿ ಒಂದೇ ಒಂದು ಶೇಕಡಾವಾರು ಅಂಕಿ: ಒಟ್ಟು ಜನರಲ್ಲಿ ಮಕ್ಕಳ ಪಾಲು ಇಷ್ಟಿತ್ತು, ಈಗ ಇಷ್ಟಾಗಿದೆ. ಜನಸಂಖ್ಯೆಯ ಲೆಕ್ಕವನ್ನೇ ಕೆಲಸವಾಗಿ ಮಾಡಿಕೊಂಡಿರುವ ನಾವು ಈ ಪತ್ರ ಬರೆಯುತ್ತಿರುವುದು ಆ ಅಂಕಿಯ ಕುರಿತು. ಶೇಕಡಾವಾರು ಎಂದರೆ ಭಿನ್ನರಾಶಿ. ಮೇಲೆ ಮಕ್ಕಳು, ಕೆಳಗೆ ಎಲ್ಲ ಜನ. ಮೇಲಿನದು ಇದ್ದಲ್ಲೇ ಇದ್ದು ಕೆಳಗಿನದು ಬೆಳೆದರೂ ಪಾಲು ಇಳಿಯುತ್ತದೆ. ಹಾಗಾಗಿ ಪಾಲು ಇಳಿಯಿತು ಎಂದಷ್ಟೇ ತಿಳಿದರೆ ಒಂದು ಬೆಂಚು ಕೂಡ ಎತ್ತಿಡಲು ಬರುವುದಿಲ್ಲ.

ಮೊದಲು ದೇಶದ ಲೆಕ್ಕ. 1961ರ ಜನಗಣತಿಯಲ್ಲಿ 15 ವರ್ಷದೊಳಗಿನವರು ಭಾರತದ ಜನಸಂಖ್ಯೆಯ ಶೇ 41ರಷ್ಟಿದ್ದರು. 1971ರಲ್ಲಿ ಅದು ಶೇ 42ಕ್ಕೆ ಏರಿತು. ಅದೇ ನೆತ್ತಿ. ಅಲ್ಲಿಂದ ಇಳಿಜಾರು: 1981ರಲ್ಲಿ ಶೇ 39.6, 1991ರಲ್ಲಿ ಸುಮಾರು 37, 2001ರಲ್ಲಿ 35ರ ಆಸುಪಾಸು, 2011ರಲ್ಲಿ ಸುಮಾರು 31. ಕೇಂದ್ರ ಸರ್ಕಾರದ ತಾಂತ್ರಿಕ ತಂಡದ ಮುನ್ನಂದಾಜಿನಂತೆ 2036ಕ್ಕೆ ಇದು 20ರ ಹತ್ತಿರಕ್ಕೆ ಬರಲಿದೆ. ಬಡತನದಿಂದ ಮೇಲೇಳುತ್ತಿರುವ ದೇಶಗಳೆಲ್ಲ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದಿವೆ, ಹೊರಟ ಹೊತ್ತು ಮಾತ್ರ ಬೇರೆ ಬೇರೆ. ಆಫ್ರಿಕಾದ ನೈಜರ್‌ನಲ್ಲಿ ಇಂದಿಗೂ ಜನರಲ್ಲಿ ಅರ್ಧದಷ್ಟು ಮಂದಿ 15ರೊಳಗಿನವರು. ಜಪಾನಿನಲ್ಲಿ ಎಂಟೊಂಬತ್ತು ಮಂದಿಗೆ ಒಬ್ಬರು. ಅಷ್ಟು ದೂರ ಹೋಗುವುದೇ ಬೇಡ, 2011ರಲ್ಲಿ ಬಿಹಾರದಲ್ಲಿ ಈ ಪಾಲು ಶೇ 40, ಕೇರಳದಲ್ಲಿ ಶೇ 23. ಒಂದೇ ದೇಶದೊಳಗೆ, ಒಂದೇ ವರ್ಷದಲ್ಲಿ, ಅದೇ ಇಳಿಜಾರಿನಲ್ಲಿ ಸುಮಾರು ನಲವತ್ತು ವರ್ಷಗಳ ಅಂತರ.

ಏರಿದ ಮೇಲೆ ಇಳಿಯಿತು ಎನ್ನುವುದರಲ್ಲಿ 'ಏರಿದ್ದೇಕೆ' ಎಂಬ ಪ್ರಶ್ನೆಯನ್ನು ಹೆಚ್ಚಿನವರು ದಾಟಿಬಿಡುತ್ತಾರೆ. ಹೆರಿಗೆ ಹೆಚ್ಚಾಯಿತು ಎಂದುಕೊಳ್ಳುವುದು ರೂಢಿ. ಹಾಗಾಗಲಿಲ್ಲ. ಹುಟ್ಟಿದ ಮಕ್ಕಳು ಬದುಕತೊಡಗಿದರು. ಇದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಹುಡುಕಿದರೂ ಸಿಗಲಿಕ್ಕಿಲ್ಲ. ಘಟ್ಟದ ಮೇಲಿನ ಕಾಡುಸೀಮೆ ಒಂದು ಕಾಲಕ್ಕೆ ಚಳಿಜ್ವರಕ್ಕೆ ಹೆಸರಾಗಿತ್ತು. 1901ರಲ್ಲಿ ನಾಲ್ಕೂವರೆ ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 1921ಕ್ಕೆ ನಾಲ್ಕು ಲಕ್ಷಕ್ಕೆ ಕುಸಿದಿತ್ತು. ಮಲೇರಿಯಾ, ಪ್ಲೇಗು, 1918ರ ಇನ್‌ಫ್ಲುಯೆಂಜಾ ಎಲ್ಲ ಸೇರಿ ತಿಂದದ್ದು ಅಷ್ಟು. 1940ರ ದಶಕದ ಕೊನೆಯಲ್ಲಿ ಆಗಿನ ಮುಂಬೈ ಪ್ರಾಂತ್ಯದ ಸರ್ಕಾರ ಕೆನರಾ (ಇಂದಿನ ಉತ್ತರ ಕನ್ನಡ) ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆಮನೆಗೆ ಡಿಡಿಟಿ ಸಿಂಪಡಿಸಿತು. ದೇಶದಲ್ಲಿ ಹಳ್ಳಿಗಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದ ಮೊದಮೊದಲ ಪ್ರಯೋಗಗಳಲ್ಲಿ ಅದೊಂದು. ಆಮೇಲಿನ ಅಂಕಿ ನೋಡಿ: 1951ರಲ್ಲಿ 5.2 ಲಕ್ಷ, 1961ರಲ್ಲಿ 6.9 ಲಕ್ಷ, 1981ರಲ್ಲಿ 10.7 ಲಕ್ಷ. ಹೊರಗಿನಿಂದ ಬಂದವರೂ ಇದರಲ್ಲಿದ್ದಾರೆ, ಅಣೆಕಟ್ಟಿನ ಕೆಲಸಕ್ಕೆ, ಕಾರ್ಖಾನೆಗೆ, ಕಾಡಿನಲ್ಲಿ ಮರ ಕಡಿಯುವ ಕೂಪಿಗೆ ಬಂದವರು. ಆದರೂ ಮೂಲ ಕಾರಣ ತೊಟ್ಟಿಲಲ್ಲೇ ಸಾಯುತ್ತಿದ್ದವರು ಸಾಯದೆ ಉಳಿದದ್ದು.

ಸಾವು ಕಡಿಮೆಯಾದರೆ ಮುದುಕರು ಹೆಚ್ಚುತ್ತಾರೆ ಎಂದು ನಮ್ಮ ಅಂದಾಜು. ಮೊದಲ ಹಂತದಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ. ಬಡ ಸಮಾಜದಲ್ಲಿ ಸಾವಿನ ದೊಡ್ಡ ಪಾಲು ಐದು ವರ್ಷದೊಳಗಿನದು. 1971ರಲ್ಲಿ ಕೂಡ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಆ ಸಾವು ತಪ್ಪಿದಾಗ ಉಳಿಯುವುದು ಮಕ್ಕಳ ಜೀವ, ಸೇರುವುದು ಜನಸಂಖ್ಯೆಯ ತಳಕ್ಕೆ. ಸಮಾಜ ಇನ್ನಷ್ಟು ಎಳೆಯದಾಗುತ್ತದೆ. ಹುಟ್ಟಿದವರು ಉಳಿಯುತ್ತಾರೆ ಎಂಬ ಧೈರ್ಯ ಬಂದ ಮೇಲೆ, ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ ಮೇಲೆ, ಮದುವೆಯ ವಯಸ್ಸು ಮುಂದೆ ಹೋದ ಮೇಲೆ ಹೆರಿಗೆ ಕಡಿಮೆಯಾಗುತ್ತದೆ. ಒಂದು ತಲೆಮಾರಿನ ಈ ನಡುಗಾಲದಲ್ಲೇ ಎಂಟು ಮಕ್ಕಳ ಮನೆ, ಮರದಡಿಯ ತರಗತಿ, ಊರಿಗೊಂದು ಹೊಸ ಶಾಲೆ. ನಾವಿಂದು ಮುಚ್ಚಲು ಹೊರಟಿರುವ ಎಷ್ಟೋ ಕಟ್ಟಡಗಳು ಆ ಏರಿಗೆಂದು ಕಟ್ಟಿದವು.

ಇಳಿಕೆಯ ಲೆಕ್ಕ ಚಿಕ್ಕದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು ದೇಶದಲ್ಲಿ 1992–93ರಲ್ಲಿ 3.4, 2019–21ರಲ್ಲಿ 2.0. ಕರ್ನಾಟಕದಲ್ಲಿ 2.9ರಿಂದ 1.7. ತಂದೆತಾಯಿಯ ಜಾಗವನ್ನು ಮುಂದಿನ ತಲೆಮಾರು ತುಂಬಲು ಬೇಕಾದದ್ದು 2.1. ಕರ್ನಾಟಕ ಆ ಗೆರೆಯನ್ನು 2005–06ರ ಹೊತ್ತಿಗೇ ದಾಟಿತ್ತು. ಅಂದರೆ ಆಗ ಕಡಿಮೆ ಸಂಖ್ಯೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಈಗ ಇಪ್ಪತ್ತರ ಹರೆಯಕ್ಕೆ ಬಂದಿದ್ದಾರೆ, ತಾಯಂದಿರೇ ಕಡಿಮೆ. (ಯಾವ ಜಾತಿ, ಯಾವ ಧರ್ಮದವರು ಎಷ್ಟು ಹೆರುತ್ತಾರೆ ಎಂದು ವಾಟ್ಸ್‌ಆ್ಯಪಿನಲ್ಲಿ ಜಗಳಕ್ಕೆ ನಿಂತವರಿಗೆ ಒಂದು ಮಾತು: ಅದೇ ಸಮೀಕ್ಷೆಗಳಲ್ಲಿ ಹಿಂದೂಗಳ ದರ 3.3ರಿಂದ 1.94ಕ್ಕೆ, ಮುಸ್ಲಿಮರ ದರ 4.4ರಿಂದ 2.36ಕ್ಕೆ ಇಳಿದಿದೆ. ಎಲ್ಲರ ಮನೆಯ ತೊಟ್ಟಿಲೂ ಅಟ್ಟ ಸೇರುತ್ತಿದೆ.)

ಈಗ ಪಾಲು ಮತ್ತು ಸಂಖ್ಯೆಯ ವ್ಯತ್ಯಾಸಕ್ಕೆ ಬರೋಣ. 1971ರಲ್ಲಿ 55 ಕೋಟಿ ಜನರಲ್ಲಿ ಶೇ 42 ಎಂದರೆ 23 ಕೋಟಿ ಮಕ್ಕಳು. 2011ರಲ್ಲಿ 121 ಕೋಟಿಯಲ್ಲಿ ಶೇ 31 ಎಂದರೆ 37 ಕೋಟಿ. ಪಾಲು ಕಾಲುಭಾಗ ಕಳೆದುಕೊಂಡಿತು, ಮಕ್ಕಳು 14 ಕೋಟಿ ಹೆಚ್ಚಾದರು. ಪಾಲು ನೋಡಿ 1990ರಲ್ಲಿ ಶಾಲೆ ಕಟ್ಟುವುದನ್ನು ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ.

ಕರ್ನಾಟಕದ ಲೆಕ್ಕ ಇನ್ನೂ ಸೊಗಸು. 0–6 ವಯಸ್ಸಿನವರು 2001ರಲ್ಲಿ 71.8 ಲಕ್ಷ, 2011ರಲ್ಲಿ 71.6 ಲಕ್ಷ. ಹೆಚ್ಚುಕಡಿಮೆ ಅಷ್ಟೇ. ಅದೇ ಹತ್ತು ವರ್ಷದಲ್ಲಿ ರಾಜ್ಯದ ಒಟ್ಟು ಜನ 5.28 ಕೋಟಿಯಿಂದ 6.11 ಕೋಟಿಗೆ ಬೆಳೆದರು. ಪಾಲು ಶೇ 13.6ರಿಂದ 11.7ಕ್ಕೆ ಬಂತು. ಮೇಲಿನ ಸಂಖ್ಯೆ ಅಲುಗಾಡಲಿಲ್ಲ, ಕೆಳಗಿನದು ಉಬ್ಬಿತು, ಅಷ್ಟೇ. 'ರಾಜ್ಯದಲ್ಲಿ ಮಕ್ಕಳು ಕಡಿಮೆಯಾದರು' ಎಂದು ಆ ದಶಕದ ಬಗ್ಗೆ ಹೇಳುವವರು ಭಿನ್ನರಾಶಿಯ ಕೆಳಗಿನ ಮನೆಯನ್ನು ನೋಡಿಲ್ಲ ಎಂದೇ ಅರ್ಥ.

ಉತ್ತರ ಕನ್ನಡಕ್ಕೆ ಈ ವಿವರಣೆ ಹೊಂದುವುದಿಲ್ಲ. 2001ರಲ್ಲಿ 13,53,644 ಇದ್ದ ನಮ್ಮ ಜಿಲ್ಲೆ 2011ರಲ್ಲಿ 14,37,169. ಹತ್ತು ವರ್ಷದ ಬೆಳವಣಿಗೆ ಶೇ 6.2, ರಾಜ್ಯದ್ದು 15.6. ಕೆಳಗಿನ ಸಂಖ್ಯೆ ಬೆಳೆದದ್ದೇ ಇಷ್ಟು ಎಂದ ಮೇಲೆ ಇಲ್ಲಿ ಪಾಲು ರಾಜ್ಯದಷ್ಟೇ ಇಳಿದಿದ್ದರೆ ಮೇಲಿನ ಸಂಖ್ಯೆಯೇ ಕರಗಿರಬೇಕು. ಅದು ಎರಡು ರೀತಿಯಲ್ಲಿ ಕರಗುತ್ತದೆ. ಒಂದು, ಹೆರಿಗೆ ಕಡಿಮೆ. ಇನ್ನೊಂದು, ಹೆರಬೇಕಾದವರೇ ಊರಲ್ಲಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆಯಾದ್ದರಿಂದ ಇದನ್ನು ಬಿಡಿಸಿ ನೋಡಲೇಬೇಕು.

ಊಹೆಯ ಊರೊಂದನ್ನು ತೆಗೆದುಕೊಳ್ಳೋಣ. ಸಾವಿರ ಜನ, ಅದರಲ್ಲಿ 280 ಮಕ್ಕಳು: ಶೇ 28. ಇಪ್ಪತ್ತರಿಂದ ಮೂವತ್ತರೊಳಗಿನ 120 ಮಂದಿ ಬೆಂಗಳೂರಿಗೋ ಗೋವಾಕ್ಕೋ ಹೋದರು, ಮದುವೆ ಇನ್ನೂ ಆಗಿಲ್ಲ. ಉಳಿದವರು 880, ಮಕ್ಕಳು ಅದೇ 280. ಪಾಲು ಶೇ 31.8! ಒಂದೂ ಹೆರಿಗೆಯಾಗದೆ ಊರು 'ಎಳೆಯದು' ಆಯಿತು. ಅಧಿಕಾರಿಗಳು ಖುಷಿಯಾಗಿ ಶಾಲೆಗೆ ಎರಡು ಕೋಣೆ ಮಂಜೂರು ಮಾಡಿದರೂ ಆಶ್ಚರ್ಯವಿಲ್ಲ. ಹತ್ತು ವರ್ಷ ಕಳೆಯಲಿ. ಆ 120 ಮಂದಿಯ ಮಕ್ಕಳು ಯಶವಂತಪುರದಲ್ಲೋ ಮಡಗಾಂವಿನಲ್ಲೋ ಶಾಲೆಗೆ ಹೋಗುತ್ತಿದ್ದಾರೆ. ಊರಿನ 280ರಲ್ಲಿ ಹಲವರು ಹದಿನೈದು ದಾಟಿದರು, ಅವರ ಜಾಗಕ್ಕೆ ಬಂದವರು ಕಡಿಮೆ. ಮಕ್ಕಳು 190, ಜನ 840 ಎಂದಿಟ್ಟುಕೊಂಡರೆ ಪಾಲು ಶೇ 22.6. ಹೊಸ ಕೋಣೆಗೆ ಬಣ್ಣ ಬಳಿದು ಮುಗಿಯುವಷ್ಟರಲ್ಲಿ ಕೂರುವವರಿಲ್ಲ. ವಲಸೆ ಮೊದಲು ಮಕ್ಕಳ ಪಾಲನ್ನು ಏರಿಸಿ, ಆಮೇಲೆ ಏರಿದ್ದಕ್ಕಿಂತ ಹೆಚ್ಚು ಇಳಿಸುತ್ತದೆ. ಮಧ್ಯದ ಒಂದು ವರ್ಷದ ಅಂಕಿ ಹಿಡಿದು ಯೋಜನೆ ಮಾಡಿದವರು ಎರಡೂ ಬಾರಿ ತಪ್ಪುತ್ತಾರೆ.

ಕೆಲವು ಕಡೆ ಇದು ಇನ್ನೊಂದು ಬಗೆಯಲ್ಲಿ ಕಣ್ಣು ಕಟ್ಟುತ್ತದೆ. ಕಾರವಾರದ ಬೈತಖೋಲ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ದೋಣಿ ಕೆಲಸಕ್ಕೆ ದೂರದ ರಾಜ್ಯಗಳ ಗಂಡಾಳುಗಳು ಬಂದಿರುತ್ತಾರೆ. ಅವರ ಮಕ್ಕಳು ಇರುವುದು ಅವರ ಊರಿನಲ್ಲಿ. ಬಂದರಿನ ವಾರ್ಡಿನಲ್ಲಿ ಇನ್ನೂರು ಮಂದಿ ಇಂಥವರನ್ನು ಎಣಿಸಿದರೆ ಆ ವಾರ್ಡಿನ ಮಕ್ಕಳ ಪಾಲು ತಾನಾಗಿ ಕೆಳಗೆ ಬರುತ್ತದೆ, ಅಲ್ಲಿಯ ಖಾರ್ವಿ, ಹರಿಕಾಂತ ಕೇರಿಗಳ ಒಂದು ಮಗುವೂ ಎಲ್ಲಿಗೂ ಹೋಗಿರುವುದಿಲ್ಲ. ಕೈಗಾ ಅಣುಸ್ಥಾವರದ ನೌಕರರ ಮಲ್ಲಾಪುರ ವಸಾಹತಿನಲ್ಲಿ, ನೌಕಾನೆಲೆಯ ವಸತಿಗಳಲ್ಲಿ ಇದಕ್ಕೆ ತಿರುವುಮುರುವು: ದುಡಿಯುವ ವಯಸ್ಸಿನ ತಂದೆತಾಯಿ, ಶಾಲೆಗೆ ಹೋಗುವ ಮಕ್ಕಳು, ಮುದುಕರು ವಿರಳ, ನಿವೃತ್ತಿಯಾದೊಡನೆ ಮನೆ ಖಾಲಿ. ಇವನ್ನೆಲ್ಲ ಕೂಡಿಸಿ 'ಕಾರವಾರ ತಾಲೂಕು ಸರಾಸರಿ' ತೆಗೆದರೆ ಬರುವ ಅಂಕಿ ಯಾವ ಊರಿನದೂ ಅಲ್ಲ. ಘಟ್ಟದ ಮೇಲೆ ಹಾಸ್ಟೆಲು ಇನ್ನೊಂದು ತೊಡಕು. ಜನಗಣತಿಯಲ್ಲಿ ಹಾಸ್ಟೆಲಿನ ಮಗು ಹಾಸ್ಟೆಲಿರುವ ಊರಿನ ಲೆಕ್ಕಕ್ಕೆ. ಐದನೆಯ ತರಗತಿ ಮುಗಿಸಿ ಮೊರಾರ್ಜಿ ಶಾಲೆಗೋ ದಕ್ಷಿಣ ಕನ್ನಡದ ಖಾಸಗಿ ವಸತಿಶಾಲೆಗೋ ಹೋದವರು ತಮ್ಮ ಊರಿನ 10–14ರ ಸಾಲಿನಲ್ಲಿ ಕಾಣುವುದಿಲ್ಲ.

ಹಾಗಾದರೆ ಯಾವ ಲೆಕ್ಕ ಹಿಡಿಯಬೇಕು? ಅದು ನಿಮ್ಮ ಕಚೇರಿಗಳಲ್ಲೇ ಇದೆ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮದಂತೆ 2027ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಬರಬೇಕಾದವರು 2020ರ ಜೂನ್‌ನಿಂದ 2021ರ ಮೇ ಒಳಗೆ ಹುಟ್ಟಿದವರು. 2031ರ ಜೂನ್‌ನಲ್ಲಿ ಬರುವವರು 2025ರ ಮೇ ಹೊತ್ತಿಗೇ ಹುಟ್ಟಿಯಾಗಿದೆ. ಅಷ್ಟು ವರ್ಷಗಳ ಶಾಲಾ ದಾಖಲಾತಿಗೆ ಜ್ಯೋತಿಷ್ಯ ಬೇಡ, ಜನನ ನೋಂದಣಿ ಸಾಕು.

ಸಾಕು ಎಂದೆವು, ಆದರೆ ಇದ್ದ ಹಾಗೆಯೇ ಎತ್ತಿಕೊಂಡರೆ ಮೋಸ ಹೋಗುತ್ತೇವೆ. ಜನನ ನೋಂದಣಿಯಾಗುವುದು ಹೆರಿಗೆಯಾದ ಜಾಗದಲ್ಲಿ. ನಮ್ಮ ಜಿಲ್ಲೆಯ ಸ್ಥಿತಿ ನಿಮಗೇ ಗೊತ್ತು. ಭಟ್ಕಳ, ಹೊನ್ನಾವರದವರು ಕುಂದಾಪುರ, ಮಣಿಪಾಲಕ್ಕೆ ಓಡುತ್ತಾರೆ, ಕಾರವಾರದವರು ಗೋವಾಕ್ಕೆ, ಹಳಿಯಾಳ, ಮುಂಡಗೋಡ, ಯಲ್ಲಾಪುರದವರು ಹುಬ್ಬಳ್ಳಿ–ಧಾರವಾಡಕ್ಕೆ. ಸಿದ್ದಾಪುರದ ಹಳ್ಳಿಯ ಹೆರಿಗೆ ಶಿರಸಿಯಲ್ಲಿ. ಇದರ ಮೇಲೆ ಮೊದಲ ಬಾಣಂತನ ತವರಿನಲ್ಲಿ. ಆದ್ದರಿಂದ ಶಿರಸಿ ನಗರದಲ್ಲಿ ನೋಂದಣಿ ಉಬ್ಬಿರುತ್ತದೆ, ಸುತ್ತಲ ಹಳ್ಳಿಗಳಲ್ಲಿ ಸೊನ್ನೆ. ಅದನ್ನು ನೋಡಿ 'ಈ ಪಂಚಾಯತಿಯಲ್ಲಿ ವರ್ಷಕ್ಕೆ ಮೂರೇ ಜನನ' ಎಂದು ಬರೆದ ಟಿಪ್ಪಣಿಗೆ ಬೆಲೆಯಿಲ್ಲ. ಜನನ ವರದಿಯ ನಮೂನೆಯಲ್ಲಿ ತಾಯಿಯ ಕಾಯಂ ವಾಸದ ಊರು ಯಾವುದು ಎಂಬ ಕಾಲಂ ಇದೆ. ರಾಜ್ಯದ ಜನನ–ಮರಣ ನೋಂದಣಿ ತಂತ್ರಾಂಶವಾದ ಇ–ಜನ್ಮದಲ್ಲಿ ಆ ಕಾಲಂ ಹಿಡಿದು ಪಟ್ಟಿ ಮಾಡಿಸಿ. ನೆರೆಯ ಉಡುಪಿ, ಧಾರವಾಡ ಜಿಲ್ಲೆಗಳಿಂದ ನಮ್ಮ ತಾಲೂಕಿನ ತಾಯಂದಿರ ಸಾಲುಗಳನ್ನು ತರಿಸಿ ಕೂಡಿಸಿ. ಗೋವಾ ಬೇರೆ ರಾಜ್ಯವಾದ್ದರಿಂದ ಅಲ್ಲಿಯದು ಸುಲಭಕ್ಕೆ ಬರಲಿಕ್ಕಿಲ್ಲ. ಆ ಕೊರತೆಯನ್ನು ಆಶಾ ಕಾರ್ಯಕರ್ತೆಯರ ತಾಯಿ ಕಾರ್ಡಿನ ದಾಖಲೆಯಿಂದ ತುಂಬಬಹುದು. ಅಂಗನವಾಡಿಯ ಮನೆಮನೆ ಸಮೀಕ್ಷೆ ಮೂರನೆಯ ಸಾಕ್ಷಿ. ಅಲ್ಲಿ ತಪ್ಪುವುದು ಎಲ್ಲಿ ಎಂದರೆ ತವರಿನಲ್ಲಿ ಒಮ್ಮೆ, ಗಂಡನ ಮನೆಯಲ್ಲಿ ಒಮ್ಮೆ ಮಗುವಿನ ಹೆಸರು ಬರೆಯುವುದು. ಬಿಟ್ಟುಹೋಗುವುದು ತೋಟದ ಕೆಲಸದವರ ಬಿಡಾರದ ಮಕ್ಕಳು. ಮೂರೂ ಪಟ್ಟಿಗಳನ್ನು ಎದುರುಬದುರು ಇಟ್ಟರೆ ಒಂದರ ತೂತು ಇನ್ನೊಂದರಿಂದ ಕಾಣುತ್ತದೆ.

ಪುಟ್ಟ ಊರುಗಳ ಅಂಕಿಗೆ ಇನ್ನೊಂದು ಚಾಳಿ ಇದೆ, ಕುಣಿಯುವುದು. ವರ್ಷಕ್ಕೆ ಸರಾಸರಿ ಎಂಟು ಮಕ್ಕಳು ಹುಟ್ಟುವ ಗ್ರಾಮದಲ್ಲಿ ಒಂದು ವರ್ಷ ಐದು, ಮುಂದಿನ ವರ್ಷ ಹನ್ನೊಂದು ಆಗುವುದು ಬರೀ ಆಕಸ್ಮಿಕ. ಇಂಥ ಎಣಿಕೆ ಬರೀ ಆಕಸ್ಮಿಕದಿಂದಲೇ ತನ್ನ ವರ್ಗಮೂಲದಷ್ಟು ಆಚೀಚೆ ಆಗುತ್ತದೆ; ಎಂಟರ ವರ್ಗಮೂಲ ಸುಮಾರು 2.8, ಅಷ್ಟು ಆಚೀಚೆ ಎಂದರೆ ಏನೂ ಬದಲಾಗಿಲ್ಲ ಎಂದೇ ತಿಳಿಯಬೇಕು. ಐದು ವರ್ಷದ ಜನನ ಕೂಡಿಸಿ ನೋಡಿ: ನಲವತ್ತು, ಆಚೀಚೆ ಆರು. ಈಗ ಅಂಕಿ ಸ್ವಲ್ಪ ನಿಂತು ಮಾತಾಡುತ್ತದೆ. 'ಈ ವರ್ಷ ಒಂದನೆಯ ತರಗತಿಗೆ ಮೂವರೇ ಬಂದರು' ಎಂಬುದು ಶಾಲೆಯನ್ನು ವಿಲೀನಪಟ್ಟಿಗೆ ಸೇರಿಸಲು ಕಾರಣವಾಗಬಾರದು ಎನ್ನುವುದಕ್ಕೆ ಈ ವರ್ಗಮೂಲವೇ ಸಾಕು. ಅದರ ಮೇಲೆ ಪ್ರವೇಶದ ವಯಸ್ಸಿನ ಗೊಂದಲ. 2025–26ರಲ್ಲಿ ಒಂದು ಬಾರಿಗೆಂದು ಮಿತಿಯನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಇಂಥ ಸಡಿಲಿಕೆಯ ವರ್ಷ ಮುಂದಿನ ವರ್ಷದ ಮಕ್ಕಳೂ ಸೇರಿಕೊಂಡು ತರಗತಿ ಉಬ್ಬುತ್ತದೆ. ಮಿತಿ ಮತ್ತೆ ಆರಕ್ಕೆ ಏರಿದ ವರ್ಷ ಏಳು ತಿಂಗಳ ಮಕ್ಕಳು ಮೊದಲೇ ಹೋಗಿಬಿಟ್ಟಿರುವುದರಿಂದ ತರಗತಿ ಖಾಲಿ ಹೊಡೆಯುತ್ತದೆ. ಊರಲ್ಲಿ ಹೆರಿಗೆ ನಿಂತಿತು ಎಂದು ಆ ವರ್ಷ ಯಾರಾದರೂ ವರದಿ ಬರೆದರೆ ಅದನ್ನು ಹಿಂದಕ್ಕೆ ಕಳಿಸಿ.

ಅಂಗನವಾಡಿಯ ವಿಷಯದಲ್ಲಿ ನಿಯಮವೇ ಹಳೆಯ ಕಾಲದ್ದು. 400ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರ, ಗುಡ್ಡಗಾಡಿನಲ್ಲಿ 300ರಿಂದ, 150ರಿಂದ 300 ಜನರಿದ್ದಲ್ಲಿ ಮಿನಿ ಕೇಂದ್ರ. ಎಲ್ಲವೂ ಒಟ್ಟು ಜನರ ಲೆಕ್ಕ, ಮಕ್ಕಳದ್ದಲ್ಲ. 600 ಜನರ ಊರಿಗೆ ರಾಜ್ಯದ 2011ರ ಪಾಲು ಹಾಕಿದರೆ 0–6ರವರು 70. ಇಲ್ಲೊಂದು ಸಣ್ಣ ಬಲೆ ಇದೆ, ತಿಳಿದವರೂ ಬೀಳುತ್ತಾರೆ. ಜನಗಣತಿಯ 0–6 ಎಂದರೆ ಏಳು ವಯಸ್ಸುಗಳು, ಆರು ತುಂಬಿ ಏಳು ನಡೆಯುತ್ತಿರುವವರೂ ಸೇರಿ. ಸಾಕ್ಷರತೆಯನ್ನು ಏಳರಿಂದ ಲೆಕ್ಕ ಹಾಕುವುದರಿಂದ ಈ ಗುಂಪು ಹೀಗೆ ಬಂದಿದೆ. ಅಂಗನವಾಡಿಯದ್ದು ಆರು ತುಂಬುವವರೆಗೆ, ಅಂದರೆ ಆರು ವಯಸ್ಸುಗಳು. 70ರಲ್ಲಿ ಹತ್ತು ಮಂದಿ ಆಗಲೇ ಶಾಲೆಗೆ ಹೋದರು. ಉಳಿದ 60ರಲ್ಲಿ ಕೇಂದ್ರಕ್ಕೆ ಬಂದು ಕೂರುವ ಮೂರರಿಂದ ಆರರೊಳಗಿನವರು ಮೂವತ್ತು. ನಮ್ಮ ಜಿಲ್ಲೆಯ ನಿಧಾನ ಬೆಳವಣಿಗೆ ನೋಡಿದರೆ ನಿಜವಾದ ಸಂಖ್ಯೆ ಇನ್ನೂ ಕಡಿಮೆ ಇರಬೇಕು. ಊರಿನ ಜನ ಎಷ್ಟೆಂಬುದರ ಬದಲು ಮೂರು ವರ್ಷ ತುಂಬಿದವರು ಯಾವ ಕೇರಿಯಲ್ಲಿ ಎಷ್ಟು ಮಂದಿ ಎಂಬುದರ ಮೇಲೆ ಕೇಂದ್ರದ ಜಾಗ ನಿರ್ಧಾರವಾಗಲಿ. ಜೊಯಿಡಾದ ಕುಣಬಿ ಊರುಗಳು, ಯಲ್ಲಾಪುರ–ಮುಂಡಗೋಡದ ಗೌಳಿ ದೊಡ್ಡಿಗಳು, ಸಿದ್ದಿಗಳ ಕೇರಿಗಳು ಕಂದಾಯ ಗ್ರಾಮದ ಸರಾಸರಿಯೊಳಗೆ ಮುಳುಗಿಹೋಗುತ್ತವೆ. ಮುಖ್ಯ ಊರಿನಲ್ಲಿ ತೊಟ್ಟಿಲಿಲ್ಲದೆ, ಎರಡು ಮೈಲಿ ಒಳಗಿನ ಮಜಿರೆಯಲ್ಲಿ ಹನ್ನೆರಡು ಮಕ್ಕಳಿರಬಹುದು.

ಶಾಲೆಯ ದೂರದ ಪ್ರಶ್ನೆ ಇಲ್ಲೇ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರಿನೊಳಗೆ ಶಾಲೆ ಬೇಕು. 60ರವರೆಗಿನ ಮಕ್ಕಳಿಗೆ ಇಬ್ಬರು ಶಿಕ್ಷಕರು. ನಕ್ಷೆಯಲ್ಲಿ ಸ್ಕೇಲು ಹಿಡಿದು ಅಳೆದ ಒಂದು ಕಿಲೋಮೀಟರು ಫೆಬ್ರವರಿಯದು. ಜುಲೈನಲ್ಲಿ ನಡುವೆ ಹಳ್ಳ ತುಂಬಿ, ಅಡಿಕೆ ದಬ್ಬೆಯ ಕಾಲುಸಂಕ ಜಾರತೊಡಗಿದರೆ ಅದೇ ದಾರಿ ಸುತ್ತು ಹಾಕಿ ನಾಲ್ಕಾಗುತ್ತದೆ, ಇಲ್ಲವೇ ಮಗು ಮನೆಯಲ್ಲೇ ಉಳಿಯುತ್ತದೆ. ವಿಲೀನದ ಪಟ್ಟಿಯಲ್ಲಿರುವ ಪ್ರತಿ ಶಾಲೆಯ ದಾರಿಯನ್ನು ಮಳೆಗಾಲದಲ್ಲಿ, ಆರು ವರ್ಷದ ಮಗುವಿನ ನಡಿಗೆಯಲ್ಲಿ, ಗಡಿಯಾರ ಹಿಡಿದು ಅಳೆಯಿಸಿ. ವಾಹನ ಕೊಡುತ್ತೇವೆ ಎನ್ನುವುದಾದರೆ ಅದು ಎಲ್ಲಿಯವರೆಗೆ ಬರುತ್ತದೆ, ಮಣ್ಣುರಸ್ತೆ ಕೆಸರಾದಾಗ ಎಲ್ಲಿ ನಿಲ್ಲುತ್ತದೆ ಎಂಬುದೂ ಬರವಣಿಗೆಯಲ್ಲಿರಲಿ. ಎಲ್ಲ ಶಾಲೆಯನ್ನೂ ಉಳಿಸಿ ಎಂಬ ವಾದ ನಮ್ಮದಲ್ಲ. ಐದು ವರ್ಷದ ಜನನ ಕೂಡಿಸಿದರೂ ನಾಲ್ಕೈದೇ ಮಕ್ಕಳಿರುವ, ಡಾಂಬರು ರಸ್ತೆಯ ಪಕ್ಕದ ಊರಿನಲ್ಲಿ ಒಬ್ಬ ಶಿಕ್ಷಕರು ಐದು ತರಗತಿಯನ್ನು ಒಂದೇ ಕೋಣೆಯಲ್ಲಿ ಹಿಡಿದಿಡುವುದು ಆ ಮಕ್ಕಳಿಗೂ ನ್ಯಾಯವಲ್ಲ.

ಕೊನೆಗೆ ಜನಗಣತಿ. 2021ರಲ್ಲಿ ಆಗಬೇಕಿದ್ದದ್ದು ಕೋವಿಡ್‌ನಿಂದ ಮುಂದಕ್ಕೆ ಹೋಗಿ, ಈಗ 2027ರ ಮಾರ್ಚ್ 1 ಉಲ್ಲೇಖ ದಿನವಾಗಿದೆ. ಹದಿನಾರು ವರ್ಷದ ಬಳಿಕ ಸಿಗುವ ಮೊದಲ ಪೂರ್ಣ ಎಣಿಕೆ. ಇದರಲ್ಲಿ ಅತಿ ಹೆಚ್ಚು ತಪ್ಪುವುದು ಪುಟ್ಟ ಮಕ್ಕಳ ವಿಷಯದಲ್ಲಿ, ಮತ್ತು ಆ ತಪ್ಪು ನಮ್ಮ ಮಾತಿನಲ್ಲೇ ಅಡಗಿದೆ. 'ಮಗುವಿಗೆ ಎಷ್ಟು?' ಎಂದರೆ ಅಜ್ಜಿ 'ಐದು' ಎನ್ನುತ್ತಾಳೆ. ಐದು ತುಂಬಿತೋ, ಐದು ನಡೆಯುತ್ತಿದೆಯೋ? ಜನಗಣತಿಗೆ ಬೇಕಾದದ್ದು ತುಂಬಿದ ವರ್ಷ. ನಡೆಯುತ್ತಿರುವುದನ್ನು ಬರೆದರೆ ಇಡೀ ಸಾಲು ಒಂದು ಮನೆ ಮೇಲೆ ಸರಿಯುತ್ತದೆ: 4ರವರು 5ಕ್ಕೆ, 14ರವರು 15ಕ್ಕೆ. ಹದಿನೈದಕ್ಕೆ ಸರಿದವರು 'ಮಕ್ಕಳು' ಎಂಬ ಲೆಕ್ಕದಿಂದಲೇ ಹೊರಗೆ. ತಳದಲ್ಲಿ ಒಂದು ವರ್ಷ ತುಂಬದ ಕೂಸಿಗೆ 0 ಬರೆಯಬೇಕು. 'ಸೊನ್ನೆ ಬರೆಯುವುದು ಹೇಗೆ' ಎಂದು ಕೈ ಹಿಂಜರಿದು 1 ಬೀಳುತ್ತದೆ, ಇಲ್ಲವೇ ಹೆಸರಿಡದ ಕೂಸು ಪಟ್ಟಿಗೇ ಬರುವುದಿಲ್ಲ. ಮದ್ದು ಸುಲಭ. ವಯಸ್ಸು ಕೇಳುವ ಮೊದಲು ಹುಟ್ಟಿದ ದಿನ ಕೇಳಬೇಕು. ತಾಯಿ ಕಾರ್ಡು, ಲಸಿಕೆಯ ಚೀಟಿ ತರಿಸಿ ನೋಡಬೇಕು. 'ಮನೆಯಲ್ಲಿ ಎಷ್ಟು ಜನ' ಎಂದು ಒಮ್ಮೆ ಕೇಳಿದ ಮೇಲೆ 'ತೊಟ್ಟಿಲಲ್ಲಿ ಯಾರಾದರೂ?' ಎಂದು ಇನ್ನೊಮ್ಮೆ ಕೇಳಬೇಕು. ಗಣತಿದಾರರ ತರಬೇತಿಯಲ್ಲಿ ಇದಕ್ಕೆ ಅರ್ಧ ಗಂಟೆ ಮೀಸಲಿಟ್ಟರೂ ಹಣ ವಸೂಲಿ.

2011ರಲ್ಲಿ ಎಣಿಕೆ ಫೆಬ್ರವರಿ 9ರಿಂದ 28ರವರೆಗೆ ನಡೆದು, ಮಾರ್ಚ್ 1ರಿಂದ 5ರವರೆಗೆ ಮತ್ತೊಮ್ಮೆ ಮನೆಮನೆಗೆ ಹೋಗಿ ಈ ನಡುವೆ ಹುಟ್ಟಿದವರನ್ನೂ ತೀರಿಕೊಂಡವರನ್ನೂ ಸರಿಪಡಿಸುವ ಕ್ರಮವಿತ್ತು. ಆ ಎರಡನೆಯ ಸುತ್ತು ಕಾಟಾಚಾರವಾದರೆ ಮೊದಲು ಕಳೆದುಹೋಗುವುದು ಹೊಸ ಕೂಸು. 2011ರ ಗಣತಿಯ ನಂತರದ ಪರಿಶೀಲನೆಯಲ್ಲಿ ದೇಶದಲ್ಲಿ ಸಾವಿರಕ್ಕೆ 23 ಮಂದಿ ಎಣಿಕೆಯಿಂದ ಬಿಟ್ಟುಹೋಗಿದ್ದು ಕಂಡಿತ್ತು. ನಮ್ಮಲ್ಲಿ ಫೆಬ್ರವರಿ ಎಂದರೆ ದೋಣಿಗಳು ಕಡಲಲ್ಲಿರುವ ಕಾಲ, ಹಳಿಯಾಳದ ಗದ್ದೆಗಳಲ್ಲಿ ಕಬ್ಬು ಕಟಾವಿನ ಕುಟುಂಬಗಳು ಮಕ್ಕಳೊಂದಿಗೆ ಗುಡಿಸಲು ಹಾಕಿರುವ ಕಾಲ. ಆ ಗುಡಿಸಲುಗಳನ್ನು ಯಾವ ಬ್ಲಾಕಿನ ಗಣತಿದಾರರು ಎಣಿಸಬೇಕು ಎಂಬುದು ಜನವರಿಯಲ್ಲೇ ತೀರ್ಮಾನವಾಗಲಿ. ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮ ವರ್ಷಗಳಲ್ಲಿ ಬರುವುದರಿಂದ 2027ರ ಎಣಿಕೆಗೆ ಮನೆತುಂಬ ನೆಂಟರ ಕಾಟವಿಲ್ಲ. ದೇವಿ ಅಷ್ಟರಮಟ್ಟಿಗೆ ಅಂಕಿಸಂಖ್ಯೆ ಇಲಾಖೆಯ ಪರ!

ಎಣಿಕೆ ಮುಗಿದ ಮೇಲೆ ಜಿಲ್ಲೆಯ ಒಂದು ಪರೀಕ್ಷೆಯನ್ನು ನೀವೇ ಮಾಡಿಸಬಹುದು. 23ರಿಂದ 62 ವಯಸ್ಸಿನವರಲ್ಲಿ ವಯಸ್ಸು 0 ಅಥವಾ 5ರಲ್ಲಿ ಕೊನೆಯಾಗುವವರನ್ನು ಕೂಡಿಸಿ, ಐದರಿಂದ ಗುಣಿಸಿ, ಆ ಗುಂಪಿನ ಒಟ್ಟು ಜನರಿಂದ ಭಾಗಿಸಿ, ನೂರರಿಂದ ಗುಣಿಸಿ. ನೂರರ ಆಸುಪಾಸು ಬಂದರೆ ಜನ ವಯಸ್ಸನ್ನು 0, 5ಕ್ಕೆ ದುಂಡಗೆ ಮಾಡಿ ಹೇಳಿಲ್ಲ. ನೂರೈವತ್ತು ದಾಟಿದ ತಾಲೂಕಿನಲ್ಲಿ 'ಐವತ್ತು ಬರ್ಕೊಳ್ಳಿ' ಎಂಬ ಅಂದಾಜಿನ ಮೇಲೆ ಪಟ್ಟಿ ತುಂಬಿದೆ ಎಂದು ತಿಳಿಯಿರಿ. ಅಂಥಲ್ಲಿ 5 ಮತ್ತು 10ರ ಸಾಲುಗಳನ್ನೂ ಅನುಮಾನಿಸಿ, ಮಕ್ಕಳ ಅಂಕಿಯನ್ನು ಶಾಲೆಯ ದಾಖಲೆಯೊಂದಿಗೆ ತಾಳೆ ನೋಡಿ.

ನಾವು ಕೇಳಿಕೊಳ್ಳುವುದು ಇಷ್ಟು. ಮುಂದಿನ ಶೈಕ್ಷಣಿಕ ವರ್ಷದ ವಿಲೀನದ ಪಟ್ಟಿ ಅಂತಿಮವಾಗುವ ಮೊದಲು, ಕಾರವಾರ ಮತ್ತು ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳ ಪ್ರತಿ ಕಿರಿಯ ಪ್ರಾಥಮಿಕ ಶಾಲೆಗೆ ಒಂದು ಪುಟದ ಹಾಳೆ ತಯಾರಾಗಲಿ: ಅದರ ವ್ಯಾಪ್ತಿಯ ಕೇರಿ–ಮಜಿರೆಗಳ ಹೆಸರು, ತಾಯಿಯ ವಾಸದ ಊರಿನ ಆಧಾರದಲ್ಲಿ ಕಳೆದ ಐದು ವರ್ಷದ ಜನನ, ಅಂಗನವಾಡಿ ಪಟ್ಟಿಯಲ್ಲಿ ವಯಸ್ಸುವಾರು ಮಕ್ಕಳು, ಊರು ಬಿಟ್ಟವರೆಷ್ಟು ಮತ್ತು ಬಂದು ಸೇರಿದವರೆಷ್ಟು, ಮಳೆಗಾಲದ ದಾರಿಯ ಅಳತೆ. ಶೇಕಡಾವಾರು ಅಂಕಿಗೆ ಆ ಹಾಳೆಯಲ್ಲಿ ಜಾಗವೇ ಬೇಡ. ಹಾಳೆಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಯಾವ ಮನೆಯ ಮಗು ಬಿಟ್ಟುಹೋಗಿದೆ ಎಂದು ಅಲ್ಲಿಯ ಹೆಂಗಸರು ಎರಡು ನಿಮಿಷದಲ್ಲಿ ಹೇಳುತ್ತಾರೆ.

ಇಂತಿ,
ಜನಸಂಖ್ಯಾ ಲೆಕ್ಕದ ಕೆಲಸದಲ್ಲಿರುವ ಕೆಲವರು
ಕಾರವಾರ – ಶಿರಸಿ